ಒತ್ತು

ಬಳ್ಳಾರಿಯ ಪಂಪಾಪತಿ ಪೆಟ್ಟಿಗೆ ಬಿಚ್ಚಿದ.
ಒಳಗೆ ಹತ್ತಿಯ ಮೇಲೆ ಮಲಗಿಸಿದ್ದ ಲೋಹದ ಬಿಲ್ಲೆಗಳು,
ಬೆಂಡೋಲೆ ಮಾರಲು ಬಂದವನ ಹಾಗೆ.
ದಾದಾಪೀರಣ್ಣ ನನ್ನ ಕಡೆ ನೋಡಿದ:
‘ಜಲಜಾ, ನೀನೇ ಹೇಳು. ಒತ್ತೋಳು ನೀನಲ್ಲವಾ?’

ಒತ್ತುವವಳು ನಾನು. ಹದಿನಾಲ್ಕು ವರ್ಷದಿಂದ
ಕಾಲ ಕೆಳಗೆ ಪೆಡಲು, ಕೈಯಲ್ಲಿ ಪ್ಯಾಂಟಿನ ಸೊಂಟ,
ಟಕ್ ಅಂದರೆ ಗುಂಡಿ, ಟಕ್ ಅಂದರೆ ರಿವೆಟ್ಟು.
ಯಾವ್ಯಾವುದೋ ದೇಶದ ಹೆಸರುಗಳನ್ನು
ರಾಯದುರ್ಗದ ಬಟ್ಟೆಗೆ ಕಚ್ಚಿಸಿದ್ದೇನೆ.
ಓದಲು ಬಾರದ ಅಕ್ಷರ,
ಹೆಬ್ಬೆರಳಿಗೆ ಮಾತ್ರ ಗೊತ್ತಿದ್ದ ಉಬ್ಬುತಗ್ಗು.
ಈ ಸಲ ಹೆಸರು ನಮ್ಮದೇ ಆಗಬೇಕಂತೆ.

ಅಲ್ಯೂಮಿನಿಯಂ ಹಗುರ, ಅಗ್ಗ. ಉಗುರಲ್ಲಿ ಗೀರಿದೆ,
ಗೀರು ಅಲ್ಲೇ ಉಳಿಯಿತು.
‘ಕೀಚೈನಿಗೆ ಸರಿ ಅಣ್ಣಾ,
ಕಲ್ಲುಗಳ ಜತೆ ಉರುಳೋ ಪ್ಯಾಂಟಿಗಲ್ಲ.’
ಸತುವಿನದು ದಪ್ಪ, ಗತ್ತಿನದು, ಮೈಮೇಲೆ ಚಿನ್ನದ ಲೇಪ.
ಒಂದು ರಾತ್ರಿ ವಾಷಿಂಗಿನ ನೀರಲ್ಲಿ ಬಿಟ್ಟೆ.
ಬೆಳಗ್ಗೆ ಚಿನ್ನ ಡಬ್ಬದ ತಳದಲ್ಲಿತ್ತು,
ಬಿಲ್ಲೆಗೆ ಜ್ವರ ಬಿಟ್ಟವರ ಮುಖ.
ಸ್ಟೀಲಿಗೆ ಏನೂ ಆಗಲಿಲ್ಲ. ಅದೇ ಅದರ ಸೊಕ್ಕು:
ಬೈಕಿನ ಟ್ಯಾಂಕಿಗೂ ಗೀರು, ಬಗ್ಗಿದರೆ ಹೊಟ್ಟೆಗೂ ಗೀರು.
ಸಿಪ್ಪೆ ಸುಲಿದು ಅಂಟಿಸುವ ತೆಳ್ಳನೆಯ ನಿಕಲ್
ಮಿಕ್ಸಿಗೆ ಹೋಗಲಿ, ಫ್ಯಾನಿಗೆ ಹೋಗಲಿ.
ನನ್ನ ತಂಗಿಗೆ ನಿಕಲ್ ತಾಗಿದರೆ ರಾತ್ರಿಯೆಲ್ಲ ಕೆರೆತ.

ಕೊನೆಗೆ ಹಿತ್ತಾಳೆ.
ಬೆವರಿಗೆ ಕಂದಿತು, ಹುಣಸೆಹಣ್ಣಿಗೆ ಬೆಳಗಿತು,
ಮತ್ತೆ ಕಂದಿತು.
ಒಗೆತಕ್ಕೊಮ್ಮೆ ಬಣ್ಣ ಬಿಡುವ ನೀಲಿಯ ಜತೆ
ತಾನೂ ಹಳತಾಗಲು ಒಪ್ಪಿದ ಲೋಹ.
‘ಇದು’ ಅಂದೆ. ‘ಅಂಚು ದುಂಡಗಿರಲಿ. ಹೊಳಪು ಬೇಡ.’

ಹೆಸರಿಗೆ ಮೂರು ದಿನ ಜಗಳ.
ಅಳಿಯನಿಗೆ ಟೈಗರ್ ಕಿಂಗೇ ಬೇಕು.
ದಾದಾಪೀರಣ್ಣನಿಗೆ, ಕತ್ತರಿ ಹಿಡಿಯಲು ಕಲಿಸಿದ
ತಿಪ್ಪಣ್ಣ ಮೇಸ್ತ್ರಿಯ ಹೆಸರು.
ಪಂಪಾಪತಿ ಸ್ಕೇಲು ಇಟ್ಟ: ಹನ್ನೆರಡು ಮಿಲಿಮೀಟರು.
‘ಪ್ಪ, ಣ್ಣ, ಸ್ತ್ರಿ! ಇಷ್ಟು ಒತ್ತು ಇದರಾಗೆ ಒತ್ತಿದರೆ
ಹಿಟ್ಟಾಗ್ತೈತೆ ಅಣ್ಣಾ. ಒತ್ತಿಲ್ಲದ ಹೆಸರು ಹೇಳ್ರಿ.’
ಒತ್ತಿಲ್ಲದ ಹೆಸರು! ಈ ಊರಲ್ಲಿ ಯಾರಿಗಿದೆ?
ತಿಮ್ಮಕ್ಕ, ಹುಲಿಗೆಮ್ಮ, ಎರ್ರಿಸ್ವಾಮಿ,
ಬಾಗಿಲಲ್ಲಿ ಚಹಾ ಹಿಡಿದು ನಿಂತ ಬಸಪ್ಪ.
ಅದರ ಮೇಲೊಂದು ತಕರಾರು, ಕನ್ನಡವಾ ತೆಲುಗಾ?
ತಲೆಕಟ್ಟು ಗೆರೆಯಾದರೆ ಬಳ್ಳಾರಿ,
ಕೊಕ್ಕೆಯಾದರೆ ಅನಂತಪುರ.
ಎರಡು ಅಚ್ಚಾದರೆ ಎರಡು ಖರ್ಚು.

ಸೀಮೆಸುಣ್ಣದಲ್ಲಿ ಡೆನಿಮ್ಮಿನ ಮೇಲೆ
ಬರೆದ, ಒರೆಸಿದ, ಬರೆದ.
ಕಡೆಗೆ ಮೂರೇ ಅಕ್ಷರ ಬರೆದು ಕೈ ತೆಗೆದ.
ಜಲಜ.
ಒತ್ತಿಲ್ಲ, ಕೊಂಬಿಲ್ಲ, ತಲೆಕಟ್ಟೂ ಇಲ್ಲ.
ಅವರು ಓದಿದರೂ ಅದೇ, ನಾವು ಓದಿದರೂ ಅದೇ,
ಬಲದಿಂದ ಎಡಕ್ಕೆ, ಅವನ ಮದ್ರಸದ ಕಣ್ಣಿಗೂ ಅದೇ.

ಅಳಿಯ ಕಿಸಕ್ಕೆಂದ. ನನಗೆ ಮೈ ಉರಿಯಿತು.
‘ನನ್ನ ಹೆಸರು ಕಂಡೋರ ಕುಂಡಿ ಮೇಲಾ?’
‘ಮುಂದೆ, ಚಿಲ್ಲರೆ ಜೇಬಿನ ಮೇಲೆ’ ಅಂದ ದಾದಾಪೀರಣ್ಣ,
ತಲೆ ಎತ್ತದೆ.
‘ಹಂಗಾದರೆ ಒಂದು ಒತ್ತಿಗೆ ಹತ್ತು ಪೈಸೆ ಹೆಚ್ಚು.’
ಐದು ಅಂದ. ಎಂಟಕ್ಕೆ ನಿಂತಿತು.

ಸೋಮವಾರ ಸಾವಿರ ಬಿಲ್ಲೆ ಬಂದವು, ಕಾಗದದಲ್ಲಿ ಸುತ್ತಿ,
ಎಣ್ಣೆಯ ವಾಸನೆಯ ಸಮೇತ.
ಮೊದಲನೆಯದನ್ನು ಇಟ್ಟೆ. ಪೆಡಲಿನ ಮೇಲೆ
ಕಾಲು ಯಾಕೋ ಒಂದು ಗಳಿಗೆ ನಿಂತಿತು.
ಟಕ್.
ಓರೆ ಬಿತ್ತು.
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.