ಕಲಕಬ್ಯಾಡ್ರಿ

ಕೇಶ್ವಾಪುರದ ಬಾರಿನ್ಯಾಗ ರಾತ್ರಿ ಹತ್ತಕ್ಕ
ಫಕ್ಕೀರೇಶ ಸೂರ್ಯನ್ನ ಹುಟ್ಟಸ್ತಾನ.

ಮೊದಲ ಐಸು. ಅದರ ಮ್ಯಾಲ ಟಕೀಲಾ,
ನೀರಿನಂಗ, ಏನೂ ಅರೀದವರಂಗ.
ಆಮ್ಯಾಲ ಕಿತ್ತಳಿ ರಸ, ಗ್ಲಾಸಿನ ಕೊರಳತನಕ.
ಕಡೀಕ ಚಮಚದ ಬೆನ್ನ ಮ್ಯಾಲಿಂದ
ದಾಳಿಂಬರಿ ಪಾಕ, ಸಾವಕಾಶ.
ಭಾರ ಇದ್ದದ್ದು ತಾನ ತಳಕ್ಕಿಳೀತೈತಿ.

"ಯಾರು ಕಂಡುಹಿಡಿದ್ರೋ ಇದನ್ನ?"
"ಅಮೆರಿಕಾದಾಗ ಎರಡು ಬಾರು
ನಂದು ನಂದು ಅಂತ ಜಗಳಾಡ್ತಾವಂತ.
ಇದು ಮಾತ್ರ ಮೆಕ್ಸಿಕೋದ್ದು," ಅಂದು
ಬಾಟಲಿ ತಿರುವಿ ಚಿತ್ರ ತೋರಿಸಿದ:
"ನೋಡ್ರಿ, ಕತ್ತಾಳಿ."

ಕತ್ತಾಳಿ!
ಇದರ ಬೀಗರ ಪೈಕೀನ ಇರಬೇಕು
ಕುಂದಗೋಳದ ರೈಲು ಹಳಿಗುಂಟ ನಿಂತದ್ದು.
ಅವನಜ್ಜ ದುರಗಪ್ಪ ಅದನ್ನ ಕೊಯ್ದು
ಕೆರಿಯಾಗ ಕೊಳಿಸಿ, ಬಡದು, ನಾರು ತಗದು
ತೊಡಿ ಮ್ಯಾಲ ಹಗ್ಗ ಹೊಸೀತಿದ್ದ.
ಎತ್ತಿಗೂ ಬಾವಿಗೂ ಅವನದ.
ಮೊಳಕೈತನಕ ತುರಿಕಿ.

"ಕುಡೀಲಿಕ್ಕ ಬರತೈತಿ ಅಂತ ಗೊತ್ತಿದ್ರ
ಒಂದ ಮೊಳಾನೂ ಹೊಸೀತಿದ್ದಿಲ್ಲ ಮುದುಕ,"
ನಕ್ಕ ಫಕ್ಕೀರೇಶ.

ನಾ ಕಡ್ಡಿ ಹಾಕಾಕ ಹೋದೆ.
ಕೈ ಹಿಡಿದ: "ಕಲಕಬ್ಯಾಡ್ರಿ. ಒಂದ ನಿಮಿಷ."

ತಳದ ಕೆಂಪು, ಎಳಿ ಎಳಿಯಾಗಿ,
ಹಳದಿಯೊಳಗ ಏರಾಕ್ಹತ್ತಿತ್ತು,
ತೊಡಿ ಮ್ಯಾಲ ಯಾರೋ ಹೊಸದ್ಹಂಗ.