ಶನಿವಾರದ ಬೋಗುಣಿ

ಬೋಗುಣಿ ಹೊರುವುದು ನನ್ನ ಪಾಲಿನ ಕೆಲಸ.
ಅಂಚಿನ ಎನಾಮೆಲ್ ಎದ್ದುಹೋದ ಬಿಳಿ ಬೋಗುಣಿ,
ಒಳಗೆ ಸವೆದ ಸಾಬೂನು, ವ್ಯಾಸಲೀನಿನ ಡಬ್ಬಿ,
ಜೀನ್ಸ್ ಫ್ಯಾಕ್ಟರಿಯ ನೆಲದಿಂದ ಆಯ್ದ ನೀಲಿ ಚಿಂದಿ,
ಮತ್ತೆ ಆ ಕತ್ತರಿ,
ಕುರಿಗಳ ಗೊರಸು ಸವರಲು ಅಜ್ಜ ಇಟ್ಟುಕೊಂಡಿದ್ದದ್ದು.
ಅಮ್ಮನ ಕೈಯಲ್ಲಿ ಬಿಸಿನೀರಿನ ಕೆಟಲು,
ಕಂಬಳಿಯಲ್ಲಿ ಸುತ್ತಿ, ಕೂಸಿನ ಹಾಗೆ.

ಶನಿವಾರ ಎರಡು ಗಂಟೆಗೆ ಗೇಟು ತೆರೆದರೆ
ಮಪುತ್ಸೊಯೆಯ ಹೆಂಗಸರೆಲ್ಲ ಅಂಗಡಿ ಕಡೆಗೆ.
ನಮ್ಮಮ್ಮ ಮಾತ್ರ ಗಣಿಯಿಂದ ಮರಳಿದ ಮುದುಕರ
ಉಗುರು ತೆಗೆಯಲು.
ಮಾಲಿನೆಯೊ ಬಂದಳು ಅನ್ನುವರು.
ಲಿನೆಯೊಳ ತಾಯಿ ಎಂದು ಅದರರ್ಥ,
ನನ್ನ ಹೆಸರನ್ನೇ ಅವಳು ಉಟ್ಟುಕೊಂಡಿದ್ದಳು.

ಗಡಿಯಾಚೆಯ ಚಿನ್ನ ಅವರ ಎದೆಯಲ್ಲಿ
ಧೂಳಾಗಿ ಕೂತಿತ್ತು.
ಬಗ್ಗಿದರೆ ಉಸಿರಿಲ್ಲ, ಉಸಿರೆಳೆದರೆ ಕೆಮ್ಮು.
ಅವರವರ ಕಾಲು ಅವರವರಿಗೇ ದೂರದ ಊರು.
ಇಪ್ಪತ್ತು ವರ್ಷ ರಬ್ಬರ್ ಬೂಟಿನೊಳಗೆ ನೆಂದ ಉಗುರು
ಆಡಿನ ಕೊಂಬಿನ ಹಾಗೆ ತಿರುಚಿಕೊಂಡು
ಪಕ್ಕದ ಬೆರಳಿಗೇ ಚುಚ್ಚುತ್ತಿತ್ತು.
ಉಗುರಿಗೆ ಕೊಡಲಿ ಯಾಕೆ ಅಂತಾರೆ.
ಈ ಉಗುರುಗಳನ್ನು ಅವರು ನೋಡಿಲ್ಲ.

ಕಂಪನಿ ಎಂದೋ ಕೈ ತೊಳೆದುಕೊಂಡಿತ್ತು,
ಕಾಗದದ ಮೇಲೆ, ಮೊಹರು ಒತ್ತಿ.
ಕಾಲು ತೊಳೆಯುವುದು ಉಳಿದಿತ್ತು.

ಪಾದ್ರಿ ಕೇಳಿದರು ಒಮ್ಮೆ:
ಪವಿತ್ರ ಗುರುವಾರ ಹನ್ನೆರಡು ಮಂದಿಯ ಪಾದ
ನಾವೇ ತೊಳೆಯುತ್ತೇವಲ್ಲಮ್ಮ, ಸಾಲದೆ?
ಅಮ್ಮ ಅಂದಳು:
ಫಾದರ್, ಆ ಹನ್ನೆರಡು ಮಂದಿ
ಮನೆಯಲ್ಲೇ ತೊಳೆದುಕೊಂಡು ಬಂದಿರ್ತಾರೆ.

ನೀರಿನ ಟ್ಯಾಂಕಿನ ಕೆಳಗೆ ಕೊನೆಯ ಮನೆ
ಖೋಬಾನೆಯದು.
ಅವನ ಎದುರು ನಾವು ನಿಲ್ಲುತ್ತಿರಲಿಲ್ಲ.
ತಂಡದ ಮೇಸ್ತ್ರಿ ಅವನು, ಅಪ್ಪ ಇಳಿದ ಆ ಪಾಳಿಯಲ್ಲಿ.
ಮರದ ಆನಿಕೆ ಕಿರುಗುಟ್ಟುತ್ತಿದೆ ಅಂದರಂತೆ ಹುಡುಗರು.
ಇಳೀರಿ, ಅಂದನಂತೆ ಅವನು.
ಅಪ್ಪ ಮನೆಗೆ ಬಂದದ್ದು
ಒಂದು ತಗಡಿನ ಪೆಟ್ಟಿಗೆ, ಒಂದು ಜೊತೆ ಚಪ್ಪಲಿಯಾಗಿ.

ಎರಡು ಚಳಿಗಾಲ ಹಾಗೇ ದಾಟಿದೆವು.
ಮೂರನೆಯದರಲ್ಲಿ, ಮಾಲುಟಿ ಬೆಟ್ಟದ ಮೇಲೆ ಹಿಮ ಬಿದ್ದ ದಿನ,
ಅಮ್ಮ ಅವನ ಬಾಗಿಲಲ್ಲಿ ನಿಂತಳು.
ನಾನು ಅವಳ ಸೆರಗು ಎಳೆದಂತೆ ಕಂಬಳಿ ಎಳೆದೆ. ಯಾಕಮ್ಮ?
ನೀರು ಇನ್ನೂ ಬಿಸಿ ಇದೆ, ಅಂದಳು.
ಅಷ್ಟೇ.

ಅವನು ಕಾಲುಗಳನ್ನು ಒಳಕ್ಕೆ ಎಳೆದುಕೊಂಡ,
ಆಮೆಯ ಹಾಗೆ.
ಅಮ್ಮ ಕಾದಳು. ಸ್ಟೌವಿನ ಸೀಮೆಎಣ್ಣೆ ವಾಸನೆ.
ಕೊನೆಗೊಂದು ಪಾದ ಹೊರಗೆ ಬಂತು.
ತಪ್ಪು ಮಾಡಿದವನು ಕಾಲು ಹಿಡಿಯಬೇಕು.
ಇಲ್ಲಿ ಹಿಡಿದವಳು ಅಮ್ಮ.

ಹೆಬ್ಬೆರಳು ಮುಗಿಯಿತು, ಎರಡನೆಯದು ಮುಗಿಯಿತು.
ಮೂರನೆಯದಕ್ಕೆ ಕತ್ತರಿ ಜಾರಿತು.
ಜಾರಿತೋ, ಜಾರಿಸಿದಳೋ.
ಬೋಗುಣಿಯ ಹತ್ತಿರ ಕೂತಿದ್ದವಳು ನಾನು,
ನನಗೂ ಗೊತ್ತಿಲ್ಲ.
ನೀರು ಕೆಂಪಾಯಿತು.
ಅವನು ಕಾಲು ಎಳೆದುಕೊಳ್ಳಲಿಲ್ಲ.
ಅಮ್ಮ ಚಿಂದಿ ಒತ್ತಿ ಹಿಡಿದಳು, ಬಹಳ ಹೊತ್ತು,
ಅದರ ನೀಲಿ ಅವನ ಗಾಯಕ್ಕೆ ಹತ್ತುವವರೆಗೂ.

ಮೊಖೆಥಿ ಆ ದಿನ ಹಾಡುತ್ತಿದ್ದ,
ಅಂದ ಅವನು, ಗೋಡೆಗೆ ಹೇಳುವಂತೆ.
ಇಳಿಯುವಾಗ. ಪಂಜರ ಕತ್ತಲಾಗುವವರೆಗೂ.

ಅಪ್ಪ ಹಾಡುತ್ತಿದ್ದನೆಂದು ನನಗೆ
ಯಾರೂ ಹೇಳಿರಲಿಲ್ಲ.

ಅಮ್ಮ ಮೂಗೊರೆಸಿಕೊಂಡಳು ಭುಜಕ್ಕೆ.
ಇನ್ನೊಂದು ಕಾಲು ಕೊಡು, ಅಂದಳು.

ಆ ರಾತ್ರಿ ಬೋಗುಣಿಯನ್ನು ಮರಳು ಹಾಕಿ
ಮೂರು ಸಲ ಉಜ್ಜಿದಳು. ಗಂಜಿ ಮುಟ್ಟಲಿಲ್ಲ.
ಇವತ್ತು ಪ್ರಾರ್ಥನೆ ನೀನೇ ಹೇಳು, ನನಗೆ ಬಾಯಿ ಬರ್ತಿಲ್ಲ, ಅಂದಳು.
ನಾನು ಶುರುಮಾಡಿ, ಸಾಲಗಾರರ ಸಾಲಿಗೆ ಬಂದು
ತಡವರಿಸಿ, ನಿದ್ದೆ ಹೋದೆ.

ಮುಂದಿನ ಶನಿವಾರ ಬೋಗುಣಿ ಎತ್ತಿಕೊಂಡಾಗ
ಒಳಗೆ ಏನೋ ಹೊಸದು ಉರುಳಾಡಿತು.
ನೋಡಿದೆ: ಕತ್ತರಿಯ ಪಕ್ಕ
ಅಯೊಡಿನ್ನಿನ ಪುಟ್ಟ ಬಾಟಲಿ.