ಕೆಳ ಮೂಲೆಯ ಕಂದು ಕಲೆ

ಮಂಗಳವಾರ ನಮಗೆ ರಜೆ.
ಅವರು ಬಂದದ್ದೂ ಮಂಗಳವಾರವೇ.
ಶಿವರಾಂಪೇಟೆಯ ಗಲ್ಲಿಗೆ ಕಾರು ನುಗ್ಗದೆ
ಗಾಂಧಿ ಚೌಕದಲ್ಲಿಳಿದು ನಡೆದು ಬಂದರು
ಮುಂಬಯಿಯ ಹರಾಜು ಕಂಪನಿಯ ತನಾಜ್ ಮೇಡಂ,
ಬಿಳಿ ಕೈಗವಸು, ನೀಲಿ ಬೆಳಕಿನ ಟಾರ್ಚು.

ಅರ್ಧ ಷಟರು ಎತ್ತಿದೆ.
ಪೌಡರ್ ಡಬ್ಬ, ಪಟಿಕದ ಕಲ್ಲು, ಹೋದ ವರ್ಷದ ಕ್ಯಾಲೆಂಡರು,
ಅವುಗಳ ಮೇಲೆ, ಎಂಬತ್ತು ಚಿಲ್ಲರೆ ವರ್ಷದಿಂದ
ಅದೇ ಮೊಳೆಗೆ ಆತುಕೊಂಡ ಆ ಮುಖ:
ಹಸಿರು ಮೂಗು, ಇಟ್ಟಿಗೆ ಬಣ್ಣದ ಹಣೆ,
ಒಂದು ಕಣ್ಣು ಇನ್ನೊಂದನ್ನು ನಂಬದ ಹಾಗೆ.

"ಯಾರಪ್ಪ ಇವನು, ಕಾಮಾಲೆಗೆ ಮದ್ದು ತಗೊಳ್ಳಲಿಲ್ವಾ?"
ಮೂರು ತಲೆಮಾರು ಗಿರಾಕಿಗಳು ಕೇಳುತ್ತಲೇ ಬಂದರು.
ನಾವೂ ಅಳುವ ಮಕ್ಕಳ ಗದ್ದ ಎತ್ತಿ
"ಅಲ್ನೋಡು, ಎಲ್ಲಿಗ್ ದೊರೆ! ಅಲ್ಲಾಡಿದ್ರೆ ನಿನ್ನ ಮೂಗೂ ಹಸಿರು"
ಎಂದು ಹೆದರಿಸಿ ಕಿವಿ ಹಿಂದೆ ಕತ್ತರಿ ಆಡಿಸಿದೆವು.

ಮೇಡಂ ಹೇಳಿದರು: ಲೂಡೊ ಹೆಲ್‌ವಿಗ್.
ಜರ್ಮನಿಯಲ್ಲಿ ಇವನ ಚಿತ್ರಗಳನ್ನು
ಕೊಳಕೆಂದು ಗೋಡೆಯಿಂದ ಇಳಿಸಿದರಂತೆ,
ಕೆಲವನ್ನು ಸುಟ್ಟರಂತೆ.
ತನ್ನನ್ನೇ ತಾನು ಬರೆದುಕೊಂಡದ್ದರಲ್ಲಿ
ಉಳಿದದ್ದು ಇದೊಂದೇ ಇರಬಹುದು.
ಆಮೇಲೆ ಒಂದು ಮೊತ್ತ ಹೇಳಿದರು.
ತಮ್ಮ ರೇವಣ್ಣ ಕುರ್ಚಿಯ ಕೈ ಹಿಡಿದುಕೊಂಡ.
ಗಿರಾಕಿಯ ಕುರ್ಚಿಯಲ್ಲಿ ಮನೆಯವರು ಕೂರಬಾರದೆಂಬ
ತಾತನ ಕಾಯಿದೆ ಮರೆತು ಕೂತೇಬಿಟ್ಟ.

ನನಗೆ ಕುಂಚ ಗೊತ್ತಿಲ್ಲ. ಕತ್ತರಿ ಗೊತ್ತು.
ಆ ಕೃತಾಪು ನೋಡಿ ಮೇಡಂ, ಕಿವಿಯ ಬಳಿ
ಒಂದು ಗೋಧಿಕಾಳಿನಷ್ಟು ಓರೆ.
ಅದು ನಮ್ಮ ಮರಿದಾಸಯ್ಯ ತಾತನ ಕೈ,
ಕಲಿಸುವಾಗ ನನ್ನ ತಲೆಗೆ ಮೊಟಕಿದ ಕೈ.
ದೊರೆ ಚಿತ್ರಕ್ಕೆ ಸಹಿ ಹಾಕುವ ಮೊದಲೇ
ತಾತ ದೊರೆಗೆ ಹಾಕಿದ್ದ.

ಅವರು ಬರೆದುಕೊಂಡರು, ಬಾಯಲ್ಲಿ ಹೇಳಿಕೊಳ್ಳುತ್ತ:
ಹಲಗೆಯ ಮೇಲೆ ತೈಲವರ್ಣ. ಸ್ಥಿತಿ ಸಾಧಾರಣ.
ಎಣ್ಣೆ ಜಿಡ್ಡು, ಊದುಬತ್ತಿಯ ಹೊಗೆ.
ಕೆಳ ಮೂಲೆಯಲ್ಲೊಂದು ಕಂದು ಕಲೆ, ಬಹುಶಃ ತೇವದ್ದು,
ತೆಗೆಸಬಹುದು.

ಕಲೆಯಲ್ಲ ಅದು. ಹೆಬ್ಬೆರಳು.

ಅಂಗಡಿಯ ಕನ್ನಡಿಗೆ ಕೊಂಡಿ ಮುರಿದಿತ್ತು ಆ ವರ್ಷ.
ಐದು ಮಂಗಳವಾರ, ಊಟದ ಹೊತ್ತು ಮೀರಿ,
ಎದೆಗೊತ್ತಿ ಹಿಡಿದು ನಿಂತಿದ್ದ ತಾತ,
ಅಂಚು ಜಾರದಂತೆ ಬೆರಳು ಒತ್ತಿ.
ಕೈ ನಡುಗಿದಾಗಲೆಲ್ಲ ಮುಖ ನಡುಗುತ್ತಿತ್ತಂತೆ.
ದೊರೆ ಬೈಯಲಿಲ್ಲ. ನಡುಕವನ್ನೂ ಬರೆದ.

ಯುದ್ಧ ಬಂತು, ಪೊಲೀಸರು ಬಂದರು,
ಒಂಟಿಕೊಪ್ಪಲಿನ ಬಾಡಿಗೆ ಮನೆಗೆ ಬೀಗ.
ರೈಲಿಗೆ ಹೋಗುವ ದಾರಿಯಲ್ಲಿ ಜಟಕಾ ನಿಲ್ಲಿಸಿ
ಇನ್ನೂ ಹಸಿ ಆರದ ಹಲಗೆ ತಾತನ ಕೈಗಿಟ್ಟ.
"ನಾಳೆ" ಅಂದನಂತೆ.
ಸಾಲ ಹೇಳಿ ಹೇಳಿ ಅವನಿಗೆ ಬಾಯಿಪಾಠವಾಗಿದ್ದ
ಒಂದೇ ಕನ್ನಡ ಮಾತು.

ಮೇಡಂ ಹಲಗೆ ತಿರುಗಿಸಿದರು. ಹಿಂಬದಿಯಲ್ಲಿ ಮಾಸಿದ ಪೆನ್ಸಿಲ್ಲು.
"ಓದಿ" ಅಂದರು. ಓದಿದೆ:
ಎಲ್ಲಿಗ್ ದೊರೆ. ಕ್ಷೌರ ಮೂರು. ಬಾಕಿ ಆರಾಣೆ.
ನಕ್ಕರು. ರೇವಣ್ಣನೂ ನಕ್ಕ.
"ತೀರಿತು ಅಂತ ಗೆರೆ ಎಳೆಯಲೇ?"
ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದೆ.
ಹೌಹಾರಿ ಕೈ ಅಡ್ಡ ಹಿಡಿದರು:
"ಮುಟ್ಟಬೇಡಿ, ಬೆಲೆ ಬಿದ್ದುಹೋಗುತ್ತೆ."

ಸರಿ, ಕೊಂಡವರು ಬಾಕಿಯನ್ನೂ ಕೊಳ್ಳಲಿ.
ಬೆರಳು ಅಳಿಸಕೂಡದು ಅಂತ ಬರೆಸಿಕೊಂಡು
ರುಜು ಹಾಕಿದೆ.

ಬುಧವಾರ. ಗೋಡೆಯ ಮೇಲೊಂದು ಚೌಕ,
ತಾತನ ಕಾಲದ ಸುಣ್ಣ, ನಿನ್ನೆ ಬಳಿದಂತೆ.
ಬಾಳೆಮಂಡಿಯ ಫಯಾಜುದ್ದೀನ್ ಸಾಹೇಬರು
ಅದನ್ನೇ ನೋಡುತ್ತ ಕೂತರು. ಏನೂ ಕೇಳಲಿಲ್ಲ.
ಕೆಲಸ ಮುಗಿಸಿ, ಬಟ್ಟೆ ಒದರಿ,
ಕೈಗನ್ನಡಿ ಹಿಡಿದೆ ಅವರ ತಲೆಯ ಹಿಂದೆ.
ಎದುರಿನ ಕನ್ನಡಿಯಲ್ಲಿ ಅವರ ಹೆಡತಲೆ,
ಅದರ ಪಕ್ಕಕ್ಕೆ, ಅಂಚಿನಲ್ಲಿ, ನನ್ನ ಹೆಬ್ಬೆರಳು.

"ಸಾಕಾ ಸಾಬ್? ಇನ್ನೂ ಸ್ವಲ್ಪ ತೆಗೀಲಾ?"